ಜರ್ಮನಿಯ ಕಿಂಡರ್‌ಗಾರ್ಟನ್‌ನಲ್ಲಿ ಅಕ್ಷರ ಕಲಿಸುವುದಿಲ್ಲ. ಬೆಂಗಳೂರಿಗೆ ವಾಪಸ್ ಹೋದಾಗ ಮಗ ಹಿಂದೆ ಬೀಳುತ್ತಾನಾ?

ಬೀಳುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸದ್ದು ಕಲಿಸುವ ಆನ್‌ಲೈನ್ ಫೋನಿಕ್ಸ್ ಕ್ಲಾಸೂ ಬೇಡ, ನಾಲ್ಕು ಗೆರೆ ಪುಸ್ತಕವೂ ಬೇಡ. ಆದರೆ ನಿಮ್ಮ ಪ್ರಶ್ನೆಯ ಕೊನೆಯಲ್ಲಿ, ಅಷ್ಟೇನೂ ಮುಖ್ಯವಲ್ಲ ಅನ್ನುವ ಹಾಗೆ, ಒಂದು ಸಾಲು ಬರೆದಿದ್ದೀರಿ: "ಅವನಿಗೆ ರೂಢಿಯಾಗಲಿ ಅಂತ ಮನೇಲಿ ಈಗ ಇಂಗ್ಲಿಷ್‌ನಲ್ಲೇ ಮಾತಾಡ್ತಿದ್ದೀವಿ." ಅದನ್ನು ಓದಿ ನನ್ನ ಹೊಟ್ಟೆ ಕಿವುಚಿದಂತಾಯಿತು. ದಯವಿಟ್ಟು ಅದನ್ನು ಇವತ್ತೇ ನಿಲ್ಲಿಸಿ.

ನಾವು ಮ್ಯೂನಿಕ್‌ಗೆ ಹೋಗಿದ್ದು 2013ರಲ್ಲಿ. ಮಗನಿಗೆ ಆಗ ಮೂರು ವರ್ಷ. ಮೂರು ವರ್ಷದ ಕೆಲಸ, ಆಮೇಲೆ ವಾಪಸ್ ಅಂತ ಲೆಕ್ಕ. ಅಲ್ಲಿನ ಕಿಂಡರ್‌ಗಾರ್ಟನ್ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಜಾಕೆಟ್ ನೇತುಹಾಕುವ ಕೊಕ್ಕೆಯ ಮೇಲೆ ಮಗುವಿನ ಹೆಸರಿನ ಬದಲು ಒಂದು ಚಿತ್ರ. ನಮ್ಮವನದು ಆಮೆ. ಬೆಳಿಗ್ಗೆ ಎಲ್ಲರೂ ಸುತ್ತ ಕೂತು ಹಾಡು, ಆಮೇಲೆ ಮನೆಯಿಂದ ಕಟ್ಟಿಕೊಟ್ಟ ತಿಂಡಿ, ಆಮೇಲೆ ಅಂಗಳ. ಮಳೆ ಬಂದರೂ ಅಂಗಳವೇ. ಕೆಸರಿಗೆಂದೇ ಬೇರೆ ಪ್ಯಾಂಟು. ನವೆಂಬರ್ 11ಕ್ಕೆ ಸೇಂಟ್ ಮಾರ್ಟಿನ್ ಹಬ್ಬ ಬಂದಾಗ ಅವನೇ ಕತ್ತರಿಸಿ ಅಂಟಿಸಿದ ಕಾಗದದ ಲಾಂದ್ರ ಹಿಡಿದು ಕತ್ತಲಲ್ಲಿ ಹಾಡುತ್ತಾ ನಡೆದ. ಅಕ್ಷರ ಮಾತ್ರ ಒಂದೂ ಇಲ್ಲ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ನನ್ನ ಓರಗಿತ್ತಿಯ ಮಗಳು ಎಲ್‌ಕೆಜಿಯಲ್ಲಿ ಒಂದರಿಂದ ನೂರು ಬರೆಯುತ್ತಿದ್ದಳು. ವಾಟ್ಸಾಪಿನಲ್ಲಿ ಫೋಟೊ ಬರುತ್ತಿತ್ತು. ನನಗೆ ನಿಜಕ್ಕೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಒಂದನೇ ತರಗತಿಯ ಇಂಟರ್‌ವ್ಯೂನಲ್ಲಿ ಇವನು ಬಾಯಿ ಬಿಡದಿದ್ದರೆ? ನಾನೂ ನನ್ನ ಗಂಡನೂ ಕೂತು ಮಾತಾಡಿದೆವು. ಜರ್ಮನ್ ಅಲ್ಲಿ ಸಿಗುತ್ತೆ, ಇಂಗ್ಲಿಷ್ ನಾವು ಕೊಡೋಣ, ಕನ್ನಡ ಎಲ್ಲಿ ಹೋಗುತ್ತೆ, ಊರಿಗೆ ಹೋದ ಮೇಲೆ ತಾನಾಗೇ ಬರುತ್ತೆ. ಅದು ನಮ್ಮ ತೀರ್ಮಾನ.

ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಅದು ನಡೆಯುವಾಗ ಕಣ್ಣಿಗೆ ಕಾಣುವುದಿಲ್ಲ. ಇಂಗ್ಲಿಷ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ಇಂಗ್ಲಿಷ್ ಆಫೀಸಿನ ಇಂಗ್ಲಿಷ್. ಮೀಟಿಂಗಿನಲ್ಲಿ ಒಂದು ಗಂಟೆ ಮಾತಾಡಬಲ್ಲೆ. ಆದರೆ ಮೂರು ವರ್ಷದ ಮಗು ಬಿದ್ದು ಮಂಡಿ ತರಚಿಕೊಂಡರೆ ಏನು ಹೇಳಬೇಕು ಅಂತ ಆ ಭಾಷೆಯಲ್ಲಿ ನನಗೆ ಗೊತ್ತಿರಲಿಲ್ಲ. ಕನ್ನಡದಲ್ಲಾಗಿದ್ದರೆ "ಅಯ್ಯೋ ನನ್ ಕಂದ, ಬಾ, ಉಫ್ ಮಾಡ್ತೀನಿ, ಎಲ್ಲಿ ಆ ನೆಲ, ಅದಕ್ಕೆ ಎರಡು ಕೊಡೋಣ" ಅಂತ ತಾನಾಗೇ ಬರುತ್ತಿತ್ತು. ಇಂಗ್ಲಿಷ್‌ನಲ್ಲಿ "ಆರ್ ಯು ಓಕೆ?" ಅಷ್ಟೇ. ಮೊದಲು ಸ್ನಾನ ಮಾಡಿಸುವಾಗ ನೀರು ಸುಡುತ್ತಾ, ನಾನು ಚಿಕ್ಕವಳಿದ್ದಾಗ ಅಜ್ಜಿ ಹಂಡೆ ಒಲೆಗೆ ತೆಂಗಿನ ಗರಿ ಹಾಕ್ತಿದ್ರು, ಹೊಗೆಗೆ ಕಣ್ಣು ಉರಿಯೋದು ಅಂತ ಏನೇನೋ ಹೇಳುತ್ತಿದ್ದೆ. ಅದೆಲ್ಲ ನಿಂತುಹೋಯಿತು. ಉಳಿದದ್ದು ಕಮ್, ಸಿಟ್, ಫಿನಿಶ್, ಕ್ವಿಕ್. ಒಂದೂವರೆ ವರ್ಷ ನಾನು ನನ್ನ ಮಗನಿಗೆ ಬರೀ ಆರ್ಡರ್ ಕೊಟ್ಟೆ. ಮಲಗುವಾಗ ಹೇಳುತ್ತಿದ್ದ ಕಾಗಕ್ಕ ಗುಬ್ಬಕ್ಕನ ಕಥೆಯೂ ಹೋಯಿತು. ಅದರ ಜಾಗಕ್ಕೆ ಚಿತ್ರದ ಪುಸ್ತಕ ಬಂತು. ಅವನು ಯಾಕೆ ಅಂತ ಕೇಳಿದರೆ ಎರಡು ಪದದಲ್ಲಿ ಮುಗಿಸುತ್ತಿದ್ದೆ, ಮೂರನೆಯದು ಬಾಯಿಗೆ ಬರುತ್ತಿರಲಿಲ್ಲ.

ಎರಡನೇ ಚಳಿಗಾಲದಲ್ಲಿ ಪೋಷಕರ ಜೊತೆ ಮಾತುಕತೆಗೆ ಕರೆದರು. ಟೀಚರ್ ಹೇಳಿದ್ದು ಇಷ್ಟು: ಆಟದಲ್ಲಿ ಚುರುಕಾಗಿದ್ದಾನೆ, ಕೈಕೆಲಸ ಚೆನ್ನಾಗಿದೆ, ಆದರೆ ಭಾನುವಾರ ಏನು ಮಾಡಿದೆ ಅಂತ ಕೇಳಿದರೆ ಹೇಳುವುದಿಲ್ಲ. ಜರ್ಮನ್ ಬಾರದ್ದಕ್ಕಲ್ಲ. ಅವನಿಗಿಂತ ಕಡಿಮೆ ಜರ್ಮನ್ ಬರುವ ಟರ್ಕಿಶ್ ಮನೆಯ ಹುಡುಗಿ ಕೈ ಬಾಯಿ ಎಲ್ಲ ಸೇರಿಸಿ ಪೂರ್ತಿ ಕಥೆ ಹೇಳುತ್ತಾಳೆ. ಇವನಿಗೆ ಒಂದು ಸಂಗತಿಯನ್ನು ಮೊದಲಿಂದ ಕೊನೆತನಕ ಹೇಳುವ ರೂಢಿಯೇ ಇದ್ದಂತಿಲ್ಲ. ಮನೆಯಲ್ಲಿ ಯಾವ ಭಾಷೆ ಅಂತ ಕೇಳಿದರು. ಇಂಗ್ಲಿಷ್ ಅಂದೆವು, ಹೆಮ್ಮೆಯಿಂದಲೇ. ಆಕೆ ಪೆನ್ನು ಕೆಳಗಿಟ್ಟು, "ನಿಮಗೆ ಸಿಟ್ಟು ಬಂದಾಗ ಯಾವ ಭಾಷೆ?" ಅಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬೈಯುವುದು ಕನ್ನಡದಲ್ಲೇ. ನನ್ನ ಭಾಷೆಯಲ್ಲಿ ನನ್ನ ಮಗನಿಗೆ ಬೈಗುಳ ಮಾತ್ರ ಸಿಗುತ್ತಿತ್ತು ಅಂತ ಹೊಳೆದದ್ದು ಟ್ರಾಮಿನಲ್ಲಿ ಕೂತ ಮೇಲೆ. ದಾರಿಯುದ್ದಕ್ಕೂ ಅತ್ತೆ.

ಕಿಂಡರ್‌ಗಾರ್ಟನ್ ಅನ್ನುವ ಪದ ನಮ್ಮ ಊರಿನ ಬೀದಿ ಬೀದಿಯ ಬೋರ್ಡಿನ ಮೇಲಿದೆ, ಅಲ್ವಾ? ಅದನ್ನು ಶುರು ಮಾಡಿದ ಫ್ರೀಡ್ರಿಶ್ ಫ್ರೋಬೆಲ್ ಬಗ್ಗೆ ನಾನು ಓದಿದ್ದು ಇದೆಲ್ಲ ಆದ ಮೇಲೆ. ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ 1837ರಲ್ಲಿ ಶುರು ಮಾಡಿದರು, 1840ರಲ್ಲಿ ಆ ಹೆಸರಿಟ್ಟರು. ಮಗುವಿಗೆ ಅವರು ಕೊಟ್ಟ ಮೊದಲ ಆಟಿಕೆ ಉಣ್ಣೆಯ ಮೆತ್ತನೆ ಚೆಂಡು. 1844ರಲ್ಲಿ ಅವರು ಒಂದು ಪುಸ್ತಕ ತಂದರು. ಅದು ತಾಯಂದಿರಿಗಾಗಿ. ಅದರಲ್ಲಿರುವುದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಡುವ ಹಾಡುಗಳು, ಬೆರಳಾಟಗಳು. ನಮ್ಮಮ್ಮ ಅಂಗೈ ಮೇಲೆ ಬೆರಳು ನಡೆಸಿ ಕಂಕುಳಿಗೆ ಕಚಗುಳಿ ಇಡುತ್ತಿದ್ದರಲ್ಲ, ಆ ಥರದ್ದೇ. ಅದನ್ನು ನಾನು ಕೈಯಾರೆ ನಿಲ್ಲಿಸಿದ್ದೆ.

ಅಕ್ಷರದ ವಿಷಯಕ್ಕೆ ಬರೋಣ. 2016ರಲ್ಲಿ ವಾಪಸ್ ಬಂದೆವು. ಬರೆಯಲು ಬರುವುದಿಲ್ಲ ಅಂತ ಒಂದು ಶಾಲೆ ಬೇಡ ಅಂದಿತು. ಇನ್ನೊಂದು ಸೇರಿಸಿಕೊಂಡಿತು. ದಸರಾ ರಜೆಯ ಹೊತ್ತಿಗೆ ಅಕ್ಷರ ಎಲ್ಲ ಬಂದಿತ್ತು, ಕ್ರಿಸ್‌ಮಸ್ ಹೊತ್ತಿಗೆ ತರಗತಿಯಲ್ಲಿ ಯಾರ ಪುಸ್ತಕ ಯಾವುದು ಅಂತ ಬೇರೆ ಮಾಡಲು ಆಗುತ್ತಿರಲಿಲ್ಲ. ಮೂರು ವರ್ಷ ಕತ್ತರಿ ಹಿಡಿದ, ಕೆಸರು ಕಲಸಿದ ಕೈ ಅದು, ಪೆನ್ಸಿಲ್ ಕಷ್ಟವಾಗಲಿಲ್ಲ. ಫಿನ್‌ಲ್ಯಾಂಡ್‌ನಲ್ಲಿ ಏಳು ತುಂಬುವ ವರ್ಷವೇ ಒಂದನೇ ತರಗತಿ. ನಮ್ಮಲ್ಲೂ 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗೆ ಒಂದೇ ಹಂತ ಮಾಡಿ, ಆಟದಿಂದಲೇ ಕಲಿಯಲಿ, ಸಾಧ್ಯವಾದ ಕಡೆಯೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಯಲಿ ಅನ್ನುತ್ತದೆ. ಎಲ್‌ಕೆಜಿ ಮಗುವಿಗೆ ಹೋಮ್‌ವರ್ಕ್ ಕೊಡುವ ಶಾಲೆಗೆ ಹೊಂದಿಸುವುದಕ್ಕೆ ಅಂತ ನಿಮ್ಮ ಮನೆಯ ಮಾತು ಬದಲಾಯಿಸಬೇಡಿ.

ಬರವಣಿಗೆಗೆ ಆರು ತಿಂಗಳು ಹಿಡಿಯಿತು. ಕನ್ನಡಕ್ಕೆ ಐದು ವರ್ಷ. ಮ್ಯೂನಿಕ್‌ನಲ್ಲೇ ಮತ್ತೆ ಕನ್ನಡ ಶುರು ಮಾಡಿದ್ದೆವು, ಆದರೆ ನಾನು ಕನ್ನಡದಲ್ಲಿ ಕೇಳಿದರೆ ಅವನು ಜರ್ಮನ್‌ನಲ್ಲಿ ಉತ್ತರಿಸುತ್ತಿದ್ದ. ಬೆಂಗಳೂರಿನಲ್ಲಿ ಇಂಗ್ಲಿಷ್‌ನಲ್ಲಿ. ಕನ್ನಡ ಪರೀಕ್ಷೆಯಲ್ಲಿ ಒಳ್ಳೆ ಅಂಕ ಬರುತ್ತಿತ್ತು. ತಿಪಟೂರಿನಿಂದ ನಮ್ಮಮ್ಮ ಫೋನ್ ಮಾಡಿ "ಏನ್ ತಿಂದೆ ಪುಟ್ಟಾ?" ಅಂದರೆ ನನ್ನ ಮುಖ ನೋಡುತ್ತಿದ್ದ. ಅಮ್ಮ ಒಂದು ದಿನವೂ ನನ್ನನ್ನು ಏನೂ ಅನ್ನಲಿಲ್ಲ. "ಇರಲಿ ಬಿಡು, ಅವನ ದನಿ ಕೇಳಿದ್ನಲ್ಲ" ಅನ್ನುತ್ತಿದ್ದರು.

2020ರಲ್ಲಿ ಶಾಲೆ ಮುಚ್ಚಿದಾಗ ತಿಪಟೂರಿಗೆ ಹೋಗಿ ತಿಂಗಳುಗಟ್ಟಲೆ ಇದ್ದೆವು. ತೋಟ, ಪಕ್ಕದ ಮನೆ ಹುಡುಗರು, ಕಾಯಿ ಸುಲಿಯುವವರ ಹಿಂದೆ ಹಿಂದೆ ತಿರುಗಾಟ. ಅಲ್ಲಿ ಅವನ ಕನ್ನಡ ಕೊನೆಗೂ ಬಿಚ್ಚಿಕೊಂಡಿತು. ಒಂದು ಸಂಜೆ ತೋಟದಲ್ಲಿ ಹಾವು ನೋಡಿದ್ದನ್ನು ಓಡಿಬಂದು ಮೊದಲಿಂದ ಕೊನೆತನಕ ಅಜ್ಜಿಗೆ ಹೇಳಿದ. ಅಷ್ಟರಲ್ಲಿ ಅಮ್ಮನ ಕಿವಿ ಹೋಗಿತ್ತು. ಅವನು ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಕೂಗಿ ಹೇಳಿದ. ಅಮ್ಮ ನಗುತ್ತಾ ತಲೆಯಾಡಿಸಿದರು. ಅರ್ಧವೂ ಕೇಳಿಸಿರಲಿಲ್ಲ, ನನಗೆ ಗೊತ್ತು.

ಅಜ್ಜಿ ತಾತ ಹಾಸನದಲ್ಲಿದ್ದಾರೆ ಅಂತ ಬರೆದಿದ್ದೀರಿ. ಬೇಸಿಗೆಯಲ್ಲಿ ಜರ್ಮನಿಯ ಸಂಜೆ ನಾಲ್ಕು ಗಂಟೆ ಅಂದರೆ ನಮ್ಮಲ್ಲಿ ಏಳೂವರೆ. ಕಿಂಡರ್‌ಗಾರ್ಟನ್‌ನಿಂದ ಬಂದ ಕೂಡಲೇ ಅವರಿಗೆ ಫೋನ್ ಮಾಡಿ ಅವನ ಕೈಗೆ ಕೊಟ್ಟುಬಿಡಿ. ಇವತ್ತು ಕೆಸರಲ್ಲಿ ಏನು ಮಾಡಿದೆ ಅಂತ ಅವರೇ ಕೇಳಲಿ. ಅವನು ತಡವರಿಸಿದರೆ ನೀವು ಮಧ್ಯೆ ಬಾಯಿ ಹಾಕಬೇಡಿ.