ಅಪ್ಪನಿಗೆ ಕೊಲೊರಾಡೊದ ಉಗಿಬಂಡಿ ತೋರಿಸಬೇಕು, ಡುರಾಂಗೊದಲ್ಲಿ ಯಾವ ಕ್ಲಾಸ್ ಟಿಕೆಟ್ ತಗೊಳ್ಳಲಿ?

ರೈಲ್ವೆಯಲ್ಲಿದ್ದ ಅಪ್ಪ ಬೇಸಿಗೆಗೆ ಡೆನ್ವರ್‌ಗೆ ಬರ್ತಿದ್ದಾರೆ, ಡುರಾಂಗೊ–ಸಿಲ್ವರ್‌ಟನ್ ಗಾಡಿಯಲ್ಲಿ ಮೇಲ್ದರ್ಜೆ ಬೋಗಿ ಕೊಟ್ಟ ದುಡ್ಡಿಗೆ ಮೋಸ ಇಲ್ವಾ ಅಂತ ಕೇಳಿದ್ದೀರಿ. ಮೇಲ್ದರ್ಜೆ ಬೇಡ. ಡುರಾಂಗೊನೂ ಬೇಡ. ಪಕ್ಕದ ನ್ಯೂ ಮೆಕ್ಸಿಕೊದ ಚಾಮಾಗೆ ಹೋಗಿ, ಅಲ್ಲೂ ಇಂಥದೇ ಉಗಿಬಂಡಿ ಇದೆ. ಯಾಕೆ ಅಂತ ಹೇಳೋದು ಸ್ವಲ್ಪ ಉದ್ದ ಆಗುತ್ತೆ.

ನಮ್ಮಪ್ಪ ಹುಬ್ಬಳ್ಳಿ ಲೋಕೋ ಶೆಡ್ಡಿನಲ್ಲಿ ಫೈರ್‌ಮನ್, ಅಂದರೆ ಇಂಜಿನ್ ಒಲೆಗೆ ಕಲ್ಲಿದ್ದಲು ಹಾಕುವವರಾಗಿ ಸೇರಿದವರು. ಮೀಟರ್ ಗೇಜ್ ಕಾಲದಲ್ಲಿ ಕ್ಯಾಸಲ್‌ರಾಕ್ ಘಾಟಿನಲ್ಲಿ ಸಲಿಕೆ ಹಿಡಿದವರು. ಅವರು ಬಂದಾಗ ನಾನು ಆರಿಸಿದ್ದು ಕಂಬ್ರೆಸ್ ಅಂಡ್ ಟೋಲ್ಟೆಕ್ ಗಾಡಿ. ಅದೂ ನಿಮ್ಮ ಡುರಾಂಗೊ ಮಾರ್ಗವೂ ಒಂದೇ ಮನೆಯವು: ಹಳೇ ಡೆನ್ವರ್ ಅಂಡ್ ರಿಯೊ ಗ್ರಾಂಡೆ ಕಂಪನಿ 1880ರ ಆಸುಪಾಸಿನಲ್ಲಿ ಬೆಳ್ಳಿ ಗಣಿಗಳ ಬೆನ್ನು ಹತ್ತಿ ಹಾಕಿದ ಮೂರಡಿ ಗೇಜಿನ ಹಳಿ. ನಮ್ಮ ಮೀಟರ್ ಗೇಜಿಗಿಂತಲೂ ಸಣ್ಣದು. ಇಂಜಿನ್ನುಗಳೂ ಅಣ್ಣತಮ್ಮಂದಿರೇ. 1925ರಲ್ಲಿ ಬಾಲ್ಡ್‌ವಿನ್ ಇಂಜಿನ್ ಕಂಪನಿ ಕಟ್ಟಿಕೊಟ್ಟ ಕೆ-36 ಮಾದರಿಯವು, ನಂಬರ್ 480ರಿಂದ 489ರವರೆಗೆ ಹತ್ತು. 485 ಮಾತ್ರ 1953ರಲ್ಲಿ ಸಲೈಡಾ ಊರಿನ ಇಂಜಿನ್ ತಿರುಗಿಸೋ ಟರ್ನ್‌ಟೇಬಲ್ ಗುಂಡಿಗೆ ಬಿದ್ದು ಗುಜರಿಗೆ ಹೋಯ್ತು. ಉಳಿದ ಒಂಬತ್ತರಲ್ಲಿ ಐದು ಕಂಬ್ರೆಸ್‌ನಲ್ಲಿ, ನಾಲ್ಕು ಡುರಾಂಗೊದಲ್ಲಿ.

ಕಂಬ್ರೆಸ್ ಮಾರ್ಗ 64 ಮೈಲಿ. ಒಂದು ತುದಿ ಕೊಲೊರಾಡೊದ ಆಂಟೊನೀಟೊ, ಇನ್ನೊಂದು ನ್ಯೂ ಮೆಕ್ಸಿಕೊದ ಚಾಮಾ. 1970ರಲ್ಲಿ ಎರಡೂ ರಾಜ್ಯ ಸರ್ಕಾರಗಳು ಸೇರಿ ಕೊಂಡುಕೊಂಡವು, ಇಲ್ಲದಿದ್ದರೆ ಹಳಿ ಕಿತ್ತು ಹಾಕ್ತಿದ್ರು. ಎರಡೂ ಕಡೆಯಿಂದ ಗಾಡಿ ಹೊರಟು ಊಟದ ಹೊತ್ತಿಗೆ ಓಸಿಯರ್ ಅನ್ನೋ ಜಾಗದಲ್ಲಿ ಸೇರ್ತವೆ. ಹೊರಟ ಊರಿಗೇ ವಾಪಸ್ ಬರಬಹುದು, ಅಥವಾ ಒಂದು ದಿಕ್ಕು ರೈಲು, ಒಂದು ದಿಕ್ಕು ಬಸ್ಸು ಮಾಡಬಹುದು.

ನಾನು ಎಡವಿದ್ದು ಇಲ್ಲೇ. ಡೆನ್ವರ್‌ನಿಂದ ಬರುವವರಿಗೆ ಆಂಟೊನೀಟೊ ಹತ್ತಿರ. ಚಾಮಾಗೆ ಇನ್ನೂ ಒಂದು ಗಂಟೆ ಘಾಟ್ ರಸ್ತೆ. ಅಮ್ಮನಿಗೆ ಕಾರಿನ ತಿರುವು ಆಗಲ್ಲ. ಸರಿ, ಆಂಟೊನೀಟೊದಿಂದ ಓಸಿಯರ್, ವಾಪಸ್, ಪಾರ್ಲರ್ ಕಾರ್ (ಅವರ ಮೇಲ್ದರ್ಜೆ ಬೋಗಿ) ಅಂತ ಬುಕ್ ಮಾಡಿದೆ. ಏರು ಎಷ್ಟು ಅಂತ ನೋಡಿರಲಿಲ್ಲ ಅಂತಲ್ಲ. ಆಂಟೊನೀಟೊ ಕಡೆ 1.42 ಪರ್ಸೆಂಟ್, ಚಾಮಾ ಕಡೆ 4 ಪರ್ಸೆಂಟ್ ಅಂತ ಓದಿದ್ದೆ. ನಾನು ಕಾರು ಓಡಿಸುವವನು, 4 ಪರ್ಸೆಂಟ್ ರಸ್ತೆಯಲ್ಲಿ ಆಕ್ಸಿಲರೇಟರ್ ಚೂರು ಒತ್ತಿದರೆ ಮುಗೀತು. ಎರಡೂ ಚಿಲ್ಲರೆ ಅಂದುಕೊಂಡೆ. ಅಪ್ಪನ ಲೆಕ್ಕದಲ್ಲಿ ಬರೆದಿದ್ದರೆ ನನಗೂ ಹೊಳೀತಿತ್ತೋ ಏನೋ. 1.42 ಅಂದರೆ ಎಪ್ಪತ್ತಕ್ಕೆ ಒಂದು, ಎಪ್ಪತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. 4 ಅಂದರೆ ಇಪ್ಪತ್ತೈದಕ್ಕೆ ಒಂದು. ಕ್ಯಾಸಲ್‌ರಾಕ್‌ನಿಂದ ಇಳಿಯುವ ಘಾಟೇ ಮೂವತ್ತೇಳಕ್ಕೆ ಒಂದು, ಅದನ್ನು ಏರುವಾಗ ಹಿಂದಿನಿಂದ ತಳ್ಳೋಕೆ ಬ್ಯಾಂಕರ್ ಇಂಜಿನ್ ಬೇಕು ಅಂತ ಚಿಕ್ಕಂದಿನಿಂದ ಕೇಳಿದ್ದೆ. ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತವೇ ಕಡಿಮೆ. ಚಾಮಾದಿಂದ ಕಂಬ್ರೆಸ್ ಘಾಟಿನ ನೆತ್ತಿಗೆ ಸುಮಾರು 14 ಮೈಲಿಯಲ್ಲಿ 2,150 ಅಡಿ ಹತ್ತಬೇಕು, ನೆತ್ತಿ 10,015 ಅಡಿ. ಓಸಿಯರ್ ಇರೋದು ಆ ನೆತ್ತಿಗಿಂತ ಈಚೆ. ಅಂದರೆ ನನ್ನ ಟಿಕೆಟ್ಟಿನಲ್ಲಿ ಆ ಏರು ಒಂದು ಅಡಿಯೂ ಇರಲಿಲ್ಲ. ಮೃಷ್ಟಾನ್ನದ ಮದುವೆಗೆ ಹೋಗಿ ಪಾನಕ ಕುಡಿದು ಎದ್ದು ಬಂದ ಹಾಗೆ.

ಹೊರಡುವ ಮುಂಚೆ ಅಪ್ಪ ಖುಷಿಯಾಗೇ ಇದ್ದರು. ಕೆ-36ರಲ್ಲಿ ಚಕ್ರಗಳು ಚೌಕಟ್ಟಿನ ಒಳಗಿವೆ, ಕ್ರ್ಯಾಂಕು, ಕೌಂಟರ್‌ವೇಟು, ಕನೆಕ್ಟಿಂಗ್ ರಾಡು ಎಲ್ಲ ಹೊರಗೆ. ನಮ್ಮ ಮೀಟರ್ ಗೇಜಿನ ವೈಜಿ ಇಂಜಿನ್ ಕೂಡ ಇದರ ಹಾಗೇ 2-8-2 ಚಕ್ರ ಜೋಡಣೆಯದೇ, ಆದರೆ ಅದರ ಚಕ್ರ ಹೊರಗೇ ಕಾಣುತ್ತೆ. ಅಪ್ಪ ಬಗ್ಗಿ ಒಳಗೆ ಇಣುಕಿ, "ಗಾಲಿ ಮುಚ್ಚಿಟ್ಟಾರಲ್ಲೋ" ಅಂದರು. ಗಾಡಿ ಬಿಟ್ಟ ಮೇಲೆ ಮುಖ ಇಳೀತು. ಪಾರ್ಲರ್ ಕಾರ್ ಗಾಡಿಯ ಕಟ್ಟಕಡೆಗೆ. ಮೆತ್ತನೆ ಕುರ್ಚಿ, ತಿನ್ನೋಕೆ ಕುಡಿಯೋಕೆ ಎಲ್ಲ ಇತ್ತು, ಇಂಜಿನ್ ಸದ್ದು ಮಾತ್ರ ಇಲ್ಲ. "ಇದು ಏರಲ್ಲ. ಇಂಜಿನ್ ಅಡ್ಡಾಡ್ಕೋತ ಹೊಂಟೈತಿ" ಅಂದರು ಅಪ್ಪ.

ಟೋಲ್ಟೆಕ್ ಕಮರಿ ಚೆನ್ನಾಗಿದೆ, ಎರಡು ಸುರಂಗ, ಅಧ್ಯಕ್ಷ ಗಾರ್ಫೀಲ್ಡ್ ನೆನಪಿನ ಕಲ್ಲು, ಫೋಟೊ ತೆಗೆದೆವು.

ಓಸಿಯರ್‌ನಲ್ಲಿ ಚಾಮಾ ಗಾಡಿ ಬಂತು. ಅಪ್ಪ ಊಟದ ಹಾಲಿನ ಮೆಟ್ಟಿಲ ಮೇಲೆ ನಿಂತು ಎರಡೂ ಇಂಜಿನ್ನಿನ ಟೆಂಡರ್, ಅಂದರೆ ಹಿಂದಿನ ಕಲ್ಲಿದ್ದಲ ಬಂಡಿ, ನೋಡಿದರು. ನಮ್ಮದರಲ್ಲಿ ಕಲ್ಲಿದ್ದಲ ಗುಡ್ಡೆ ಇನ್ನೂ ಗುಡ್ಡೆಯಾಗೇ ಇತ್ತು. ಅದರಲ್ಲಿ ಮಧ್ಯೆ ಹೊಂಡ. ಆ ಫೈರ್‌ಮನ್ ಹುಡುಗನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಇವಕ್ಕೆ ಯಂತ್ರದ ಸ್ಟೋಕರ್ ಇಲ್ಲ, ಎಲ್ಲ ಸಲಿಕೆಯಲ್ಲೇ. ಅಪ್ಪ ನನ್ನ ಕಡೆ ತಿರುಗಿ, "ಆ ಗಾಡಿ ಎಲ್ಲಿಂದ ಬಂತು?" ಅಂದರು. ಹೇಳಿದೆ. ಏರು ಎಷ್ಟು ಅಂದರು. ಅದನ್ನೂ ಹೇಳಿದೆ. ಆಮೇಲೆ ಊಟ ಮಾಡೋಣ ಬಾ ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಮರುದಿನದ ಚಾಮಾ ಗಾಡಿಯಲ್ಲಿ ಸೀಟಿರಲಿಲ್ಲ, ಆ ವಾರವೇ ಅವರ ವಾಪಸ್ ಫ್ಲೈಟು. ಈಗ ಮಂಡಿ ನೋವು, ಅಮೆರಿಕದ ಮಾತೇ ಎತ್ತಲ್ಲ. ನಾನೊಬ್ಬನೇ ಚಾಮಾಗೆ ಹೋಗಿ ಸದ್ದು ರೆಕಾರ್ಡ್ ಮಾಡಿ ಕಳಿಸಿದೆ. ಮೊಬೈಲಿನಾಗ ಲೋಡ್ ಗೊತ್ತಾಗಂಗಿಲ್ಲ ಅಂದರು. ನಿಜ, ಎದೆಗೆ ಬಡಿಯೋ ಸದ್ದದು.

ಡುರಾಂಗೊ ಯಾಕೆ ಬೇಡ ಅಂದರೆ, ನೋಟ ಅಲ್ಲೇ ಹೆಚ್ಚು, ಅನಿಮಾಸ್ ನದಿ, ಬಂಡೆ ಅಂಚಿನ ಹಳಿ, ಒಪ್ಪಿದೆ. ಆದರೆ 2018ರ '416' ಅನ್ನೋ ಹೆಸರಿನ ಕಾಡ್ಗಿಚ್ಚು ಈ ಗಾಡಿಯ ಕಿಡಿಯಿಂದ ಹತ್ತಿತು ಅಂತ ಅಮೆರಿಕ ಸರ್ಕಾರ ಕೇಸು ಹಾಕಿ, 2022ರಲ್ಲಿ 2 ಕೋಟಿ ಡಾಲರಿಗೆ ರಾಜಿಯಾಯ್ತು. ಆ ಬೆಂಕಿಯ ನಂತರ ಅವರು ಇಂಜಿನ್ನುಗಳನ್ನು ಎಣ್ಣೆಗೆ ತಿರುಗಿಸಿದರು. ಕಾಡಿನ ದೃಷ್ಟಿಯಿಂದ ಸರಿಯಾದ ಕೆಲಸ. ಆದರೆ ನಿಮ್ಮಪ್ಪ ಇದ್ದಲು ಕಾಲದವರಾದರೆ ಎಣ್ಣೆ ಬರ್ನರ್ ಮುಂದೆ ನಿಲ್ಲಿಸಿ ಏನು ತೋರಿಸ್ತೀರಿ? ಕಂಬ್ರೆಸ್‌ನವರಿಗೂ ಫೋನ್ ಮಾಡಿ, ಆ ದಿನದ ಇಂಜಿನ್ ಕಲ್ಲಿದ್ದಲಿನದೇನಾ ಅಂತ ಕೇಳಿಕೊಂಡೇ ದುಡ್ಡು ಕಟ್ಟಿ.

ಹಿಂದಿನ ರಾತ್ರಿ ಚಾಮಾದಲ್ಲೇ ತಂಗಿ. ಬೆಳಿಗ್ಗೆ ಯಾರ್ಡಿನಲ್ಲಿ ಇಂಜಿನ್ ತಯಾರು ಮಾಡೋದು, ಮರದ ಹಳೇ ಕೋಲ್ ಟವರ್ ನೋಡೋದಕ್ಕೇ ಒಂದು ಗಂಟೆ ಬೇಕು. ಸಾದಾ ಟಿಕೆಟ್ ಸಾಕು, ತೆರೆದ ಗೊಂಡೋಲಾ ಬೋಗಿಯಲ್ಲಿ ಯಾರು ಬೇಕಾದರೂ ನಿಲ್ಲಬಹುದು. ಅಮ್ಮ ಜೊತೆಗಿದ್ದರೆ ಅವರಿಗೆ ಪಾರ್ಲರ್ ತಗೊಳ್ಳಿ, ನಮ್ಮಮ್ಮ ಇವತ್ತಿಗೂ ಅದನ್ನೇ ಹೊಗಳ್ತಾರೆ. ಹತ್ತು ಸಾವಿರ ಅಡಿ ಎತ್ತರ, ಬಿಪಿ ಇದ್ದರೆ ಡಾಕ್ಟರನ್ನ ಕೇಳಿ. ಗೊಂಡೋಲಾದಲ್ಲಿ ಇದ್ದಲ ಚೂರು ಕಣ್ಣಿಗೆ ಬೀಳುತ್ತೆ, ಕನ್ನಡಕ ಇಟ್ಟುಕೊಳ್ಳಿ. ಅಪ್ಪ ಹಾಕ್ಕೊಳ್ಳಲ್ಲ, ನೀವಾದರೂ ಹಾಕ್ಕೊಳ್ಳಿ.