ಇಂಕ್‌ಜೆಟ್ ಪ್ರಿಂಟರಿಗೆ ಇಂಕ್ ಬದಲಿಸಿದ ಮೇಲೆ ಅಕ್ಷರದ ಸುತ್ತ ಪುಡಿಚುಕ್ಕೆ, ನಡುವೆ ಬಿಳಿ ಗೆರೆ: ಹೆಡ್ ವೋಲ್ಟೇಜ್ ಏರಿಸಬೇಕೆ?

ಏರಿಸಬೇಡಿ. ನೀವು ಹೇಳಿದ ಎರಡು ತೊಂದರೆಗಳಿಗೂ ಕಾರಣ ಸಾಮಾನ್ಯವಾಗಿ ಬೇರೆ ಬೇರೆ. ವೋಲ್ಟೇಜ್ ಏರಿಸಿದರೆ ಪುಡಿಚುಕ್ಕೆ ಇನ್ನೂ ಹೆಚ್ಚುತ್ತದೆ.

ಪೀಜೋ (ವಿದ್ಯುತ್ ಕೊಟ್ಟರೆ ಆಕಾರ ಬದಲಿಸುವ ಹರಳಿನ) ಹೆಡ್‌ನಲ್ಲಿ ವಿದ್ಯುತ್ ಪಲ್ಸ್ ಬಂದಾಗ ಇಂಕ್ ಕೋಣೆ ಮೊದಲು ಹಿಗ್ಗಿ, ನಾಜಲ್ (ಇಂಕ್ ಹೊರಬರುವ ಸಣ್ಣ ರಂಧ್ರ) ಬಾಯಲ್ಲಿರುವ ಇಂಕನ್ನು ಒಳಗೆಳೆಯುತ್ತದೆ. ಕೆಲವು ಮೈಕ್ರೋಸೆಕೆಂಡ್ ಬಿಟ್ಟು ಕುಗ್ಗಿ ಹೊರದಬ್ಬುತ್ತದೆ. ಈ ಅಂತರ ಕೋಣೆಯೊಳಗಿನ ಒತ್ತಡದ ಅಲೆಗೆ ಹೊಂದಿದರೆ ಮಾತ್ರ ಹನಿ ಚೊಕ್ಕವಾಗಿ ಬೀಳುತ್ತದೆ. ಇಂಕ್ ಬದಲಾದರೆ ಸ್ನಿಗ್ಧತೆಯೂ ಅಲೆಯ ವೇಗವೂ ಬದಲಾಗುತ್ತವೆ. ಹಳೆಯ ವೇವ್‌ಫಾರ್ಮ್ (ಪಲ್ಸಿನ ಆಕಾರ ಮತ್ತು ಅವಧಿ) ತಾಳ ತಪ್ಪುತ್ತದೆ. ಪ್ರತಿ ಹನಿಗೂ ಒಂದು ಬಾಲ ಇರುತ್ತದೆ. ವೋಲ್ಟೇಜ್ ಏರಿ ಹನಿಯ ವೇಗ ಹೆಚ್ಚಿದಷ್ಟೂ ಬಾಲ ಉದ್ದವಾಗಿ, ತುಂಡಾಗಿ, ಮರಿಹನಿಗಳಾಗಿ ಅಕ್ಷರದ ಪಕ್ಕ ಬೀಳುತ್ತದೆ. ನೀವು ನೋಡುತ್ತಿರುವ ಪುಡಿ ಅದೇ.

ಹಾಗಾಗಿ ಮೊದಲು ಹೆಡ್ ಬಿಸಿ ನೋಡಿ. ಬಿಸಿ ಹೆಚ್ಚಿದರೆ ಇಂಕ್ ತೆಳುವಾಗಿ, ಅದೇ ವೋಲ್ಟೇಜ್‌ಗೆ ಹನಿ ಜೋರಾಗಿ ಹಾರುತ್ತದೆ. ಆಮೇಲೆ ವೋಲ್ಟೇಜನ್ನು ಅರ್ಧರ್ಧ ವೋಲ್ಟ್ ಇಳಿಸುತ್ತಾ ಸಣ್ಣ ಅಕ್ಷರ ಪ್ರಿಂಟ್ ಮಾಡಿ. ಪ್ರತಿ ಸಲವೂ ಎರಡು ದಿಕ್ಕಿನ ಅಲೈನ್‌ಮೆಂಟ್ (ಹೆಡ್ ಹೋಗುವಾಗಲೂ ಬರುವಾಗಲೂ ಹನಿ ಒಂದೇ ಕಡೆ ಬೀಳುವಂತೆ ಹೊಂದಿಸುವುದು) ಮತ್ತೆ ಮಾಡಲೇಬೇಕು. ಲೆಕ್ಕ ನೋಡಿ: ಕ್ಯಾರೇಜ್ (ಹೆಡ್ ಹೊತ್ತು ಓಡುವ ಭಾಗ) ಸೆಕೆಂಡಿಗೆ 1 ಮೀಟರ್, ಹೆಡ್ ಎತ್ತರ 2 ಮಿ.ಮೀ. ಇದ್ದಾಗ, ಹನಿಯ ವೇಗ ಸೆಕೆಂಡಿಗೆ 6 ಮೀಟರ್‌ನಿಂದ 5ಕ್ಕೆ ಇಳಿದರೆ ಹನಿ ಸುಮಾರು 0.07 ಮಿ.ಮೀ. ಮುಂದೆ ಬೀಳುತ್ತದೆ, ಹೋಗಿಬರುವ ಎರಡೂ ಪಾಸ್ ಸೇರಿ 0.13. ತೆಳು ಅಕ್ಷರ ಎರಡಾಗಿ ಕಾಣಲು ಅಷ್ಟು ಸಾಕು. ತೀರಾ ಇಳಿಸಿದರೆ ಹನಿ ಸೊಟ್ಟಗೆ ಹೋಗುತ್ತದೆ, ಅಲ್ಲಿಗೆ ನಿಲ್ಲಿಸಿ. ಹೆಡ್ ಎತ್ತರವನ್ನು ಮೀಡಿಯಾ (ಪ್ರಿಂಟ್ ಆಗುವ ಹಾಳೆ) ತಾಗದಷ್ಟು ಕಡಿಮೆ ಇಟ್ಟರೂ ಪುಡಿ ತಗ್ಗುತ್ತದೆ.

ಇನ್ನು ಬಿಳಿ ಗೆರೆ. ಸಾಲಿಡ್ ಬಣ್ಣ ಪ್ರಿಂಟ್ ಮಾಡುವ ಮೊದಲೂ ಆಮೇಲೂ ನಾಜಲ್ ಚೆಕ್ (ಎಲ್ಲ ನಾಜಲ್ ಕೆಲಸ ಮಾಡುತ್ತಿವೆಯೇ ಎಂದು ತೋರಿಸುವ ಪರೀಕ್ಷಾ ಪ್ರಿಂಟ್) ತೆಗೆಯಿರಿ. ಪ್ರತಿ ಸಲವೂ ಒಂದೇ ನಾಜಲಿನ ಗೆರೆ ಕಾಣೆಯಾಗಿದ್ದರೆ ಅದು ಬಹುಶಃ ಕಟ್ಟಿಕೊಂಡಿದೆ. ಬೇರೆ ಬೇರೆ ನಾಜಲ್ ಹೋಗಿ ಬರುತ್ತಿದ್ದರೆ ಒಳಗೆ ಗಾಳಿ ಇದೆ, ಇಲ್ಲವೇ ಇಂಕ್ ಸಾಲುತ್ತಿಲ್ಲ. ಕೋಣೆಯಲ್ಲಿ ಗಾಳಿಗುಳ್ಳೆ ಇದ್ದರೆ ಪಲ್ಸಿನ ಒತ್ತಡವನ್ನೆಲ್ಲ ಅದೇ ನುಂಗುತ್ತದೆ. ಎಷ್ಟು ವೋಲ್ಟೇಜ್ ಕೊಟ್ಟರೂ ಹನಿ ಬರದು. ಡ್ಯಾಂಪರ್ (ಹೆಡ್ಡಿಗೆ ಹೋಗುವ ಇಂಕಿನ ಒತ್ತಡ ಸಮಮಾಡುವ ಭಾಗ), ಫಿಲ್ಟರ್, ಪೈಪ್ ಜಾಯಿಂಟಿನ ಓ-ರಿಂಗ್ ಪರೀಕ್ಷಿಸಿ (ಓ-ರಿಂಗ್ ನೋಡದೆ ಹೆಡ್ಡನ್ನೇ ಬದಲಿಸುವವರೂ ಇದ್ದಾರೆ). ಸಬ್‌ಟ್ಯಾಂಕ್ (ಹೆಡ್ಡಿಗೆ ಇಂಕ್ ಕೊಡುವ ಚಿಕ್ಕ ತೊಟ್ಟಿ) ಇದ್ದರೆ ಇಂಕ್ ಮಟ್ಟ ನಾಜಲ್ ಪ್ಲೇಟಿಗಿಂತ ಕೆಲವು ಸೆಂ.ಮೀ. ಕೆಳಗಿರಲಿ, 1 ಸೆಂ.ಮೀ.ಗೆ ಹೆಚ್ಚುಕಡಿಮೆ 1 ಮಿಲಿಬಾರ್ ಎಳೆತ. ತೀರಾ ಕೆಳಗಾದರೆ ನಾಜಲ್ ಗಾಳಿ ಕುಡಿಯುತ್ತದೆ, ಮೇಲಾದರೆ ಪ್ಲೇಟ್ ಒದ್ದೆಯಾಗಿ ಹನಿ ವಾಲುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಇಂಕ್ ಕೊಟ್ಟವರ ಹತ್ತಿರ ನಿಮ್ಮ ಹೆಡ್ಡಿಗೆ ಮಾಡಿದ ವೇವ್‌ಫಾರ್ಮ್ ಫೈಲ್ ಕೇಳಿ. ನಿಮ್ಮ ಪ್ರಿಂಟರಿನ ನಿಯಂತ್ರಣ ಬೋರ್ಡ್ ವೋಲ್ಟೇಜ್ ಬಿಟ್ಟು ಬೇರೇನೂ ಬದಲಿಸಲು ಬಿಡದಿದ್ದರೆ ಹಳೆಯ ಇಂಕಿಗೇ ಮರಳಿ. ಇಂಕ್ ಹರಿಯುವ ಲೈನ್ ಪೂರ್ತಿ ತೊಳೆದೇ ತುಂಬಿಸಿ.