ಮದಾಮ್ ಬ್ಯೂದೆ ಮನೆ ಬಿಟ್ಟು ಹೋಗಬೇಕಿತ್ತಾ?

ಜೆರ್ಮೇನ್ ದ್ಯುಲಾಕ್ ಅವರ 1923ರ ಫ್ರೆಂಚ್ ಮೂಕಿಚಿತ್ರ ‘ಲಾ ಸೂರಿಯಾಂತ್ ಮದಾಮ್ ಬ್ಯೂದೆ’ಯನ್ನು ಕಾಲೇಜಿನಲ್ಲಿ ತೋರಿಸಿ, ‘ಸ್ವಾತಂತ್ರ್ಯ ದೊಡ್ಡದೋ, ಸಂಸಾರದ ಕರ್ತವ್ಯ ದೊಡ್ಡದೋ’ ಅಂತ ಚರ್ಚೆ ಇಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಇಡಬೇಡಿ. ನಾನು ಇಟ್ಟಿದ್ದೆ.

ನಮ್ಮದು ಪುಟ್ಟ ಗುಂಪು. ಸಿನಿಮಾ ಶುರುವಾಗುವ ಮೊದಲೇ ನಾನು ಎದ್ದು ನಿಂತು ಚರ್ಚೆಯ ವಿಷಯ ಹೇಳಿಬಿಟ್ಟೆ. ಎಡವಟ್ಟಾಗಿದ್ದು ಅಲ್ಲೇ. ವಿಷಯ ಮೊದಲೇ ಕೊಟ್ಟರೆ ಜನ ಸಿನಿಮಾ ನೋಡುವುದಿಲ್ಲ, ತಮ್ಮ ವಾದಕ್ಕೆ ಸಾಕ್ಷಿ ಹುಡುಕುತ್ತಾ ಕೂರುತ್ತಾರೆ. ಹೆಂಡತಿ ಮದಾಮ್ ಬ್ಯೂದೆ ಹೂದಾನಿಯನ್ನು ಮೇಜಿನ ಒಂದು ಪಕ್ಕಕ್ಕೆ ಇಡುತ್ತಾಳೆ. ಬಟ್ಟೆ ವ್ಯಾಪಾರಿ ಗಂಡ ಬಂದು ಅದನ್ನು ನಟ್ಟನಡುವಿಗೆ ಸರಿಸುತ್ತಾನೆ. ‘ಫೌಸ್ಟ್’ ಅನ್ನೋ ಒಪೆರಾ (ಸಂಗೀತ ನಾಟಕ) ನೋಡಲು ಆಕೆ ಬರಲ್ಲ ಅಂದದ್ದಕ್ಕೆ ಆಕೆಯ ಪಿಯಾನೋಗೆ ಬೀಗ ಹಾಕಿ ಹೊರಡುತ್ತಾನೆ. ಇದ್ಯಾವುದೂ ನಮ್ಮವರ ಕಣ್ಣಿಗೆ ಬೀಳಲೇ ಇಲ್ಲ.

ಲೈಟ್ ಹಾಕಿದ್ದೇ ತಡ, ಎರಡು ಪಂಗಡ. ‘ಗಂಡ ಹೊಡೆದನಾ, ಬಡಿದನಾ? ಹೊಂದಿಕೊಂಡು ಹೋಗಬಹುದಿತ್ತು’ ಅಂತ ಒಂದು. ‘ಬಿಟ್ಟು ಹೋಗೋಕೆ ಏನು ರೋಗ’ ಅಂತ ಇನ್ನೊಂದು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ಹೆಂಗಸು, “ನಮ್ಮನೇಲೂ ರೇಡಿಯೋ ಬೀರುವಿನಲ್ಲೇ ಇರ್ತಿತ್ತು, ಬೀರು ಕೀಲಿ ಅವರ ಹತ್ರ...” ಅಂತ ಶುರು ಮಾಡಿದರು. ನಾನು “ವಿಷಯಕ್ಕೆ ಬನ್ನಿ ಅಮ್ಮಾ” ಅಂದೆ. ಅವರು ಅಲ್ಲಿಗೇ ನಿಲ್ಲಿಸಿದರು. ಮುಂದಿನ ಯಾವ ಪ್ರದರ್ಶನಕ್ಕೂ ಬರಲಿಲ್ಲ. ಇಡೀ ಹಾಲ್‌ನಲ್ಲಿ ಸಿನಿಮಾ ನೋಡಿದವರು ಅವರೊಬ್ಬರೇ. ಅವರ ಬಾಯಿಯನ್ನೇ ನಾನು ಮುಚ್ಚಿಸಿದೆ. ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಅಸಲಿಗೆ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಎರಡು ದಾರಿ ಇದ್ದರೆ ತಾನೇ ಯಾವುದು ಮೇಲು ಅಂತ ತೂಗುವುದು? ಫ್ರಾನ್ಸ್‌ನ 1804ರ ಸಿವಿಲ್ ಕೋಡ್ ಪ್ರಕಾರ ಹೆಂಡತಿ ಗಂಡ ಹೇಳಿದಂತೆ ಕೇಳಬೇಕಿತ್ತು, ಅವನಿದ್ದಲ್ಲೇ ಇರಬೇಕಿತ್ತು. ಹೇಳಿದಂತೆ ಕೇಳಬೇಕೆಂಬ ಕಲಮು ಹೋಗಿದ್ದು 1938ರಲ್ಲಿ. ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು ಅದಕ್ಕೂ ಆಮೇಲೆ, 1944ರಲ್ಲಿ. ಮದಾಮ್ ಬ್ಯೂದೆಗೆ ಓಡಿಹೋಗಲು ಪ್ರಿಯಕರನೂ ಇಲ್ಲ. ಪತ್ರಿಕೆಯ ಚಿತ್ರದಲ್ಲಿರುವ ಟೆನಿಸ್ ಆಟಗಾರ ಎದ್ದು ಬಂದು ಗಂಡನನ್ನು ಎತ್ತಿಕೊಂಡು ಹೋದ ಹಾಗೆ ಕಲ್ಪಿಸಿಕೊಳ್ಳುತ್ತಾಳೆ, ಅಷ್ಟೇ.

ಇನ್ನು ಆ ರಿವಾಲ್ವರ್. ಖಾಲಿ ರಿವಾಲ್ವರ್ ತಲೆಗೆ ಹಿಡಿದು ಸಾಯುವ ಆಟ ಕಟ್ಟುವುದು ಗಂಡನ ಚಾಳಿ. ಆಕೆ ಅದಕ್ಕೆ ಗುಂಡು ತುಂಬುತ್ತಾಳೆ. ಆದರೆ ಅವನು ಗುರಿ ಹಿಡಿಯುವುದು ಆಕೆಯ ಕಡೆಗೆ! ಗುಂಡು ತಪ್ಪುತ್ತೆ. ಆಕೆ ತಾನೇ ಸಾಯಲು ಹೊರಟಿದ್ದಳು ಅಂದುಕೊಂಡು ಅವನು ತಬ್ಬಿಕೊಳ್ಳುತ್ತಾನೆ. ತನ್ನನ್ನು ಕೊಲ್ಲಲು ಹೊರಟಿದ್ದಳು ಅನ್ನುವುದು ಅವನ ತಲೆಗೇ ಹೊಳೆಯಲ್ಲ. ಆ ಹೊತ್ತಿನಲ್ಲಿ ಆಕೆಯ ಮುಖ ನೋಡಿ. ಅದನ್ನು ನೋಡಿದ ಮೇಲೂ ‘ಯಾಕೆ ಬಿಟ್ಟು ಹೋಗಲಿಲ್ಲ’ ಅಂತ ಕೇಳೋಕೆ ಮನಸ್ಸು ಬರುತ್ತಾ?

ಸುಮಾರು 40 ನಿಮಿಷದ ಸಿನಿಮಾ. ಭಾಷಣ ಬೇಡ, ಸುಮ್ನೆ ಹಾಕಿ. ಮುಗಿದ ಮೇಲೆ ಯಾರಾದರೂ ತಮ್ಮ ಮನೆಯ ಮಾತು ತೆಗೆದರೆ ಪೂರ್ತಿ ಹೇಳಲು ಬಿಡಿ, ಹಾಲ್ ಖಾಲಿ ಮಾಡುವ ಹೊತ್ತು ಮೀರಿದರೂ ಪರವಾಗಿಲ್ಲ.